ತೊಳೆದಿಟ್ಟ ವೆಲ್ಡಿಂಗ್ ರಾಡು

ರಾಘಣ್ಣಾಚಾರ್ರ ಹಣೆಯ ಮೇಲೆ ಅಂಗಾರ-ಅಕ್ಷತೆ ಯಾವುದು, ಕಿಡಿ ಸಿಡಿದು ಸುಟ್ಟ ಕಲೆ ಯಾವುದು ಎಂದು ಥಟ್ಟನೆ ಹೇಳುವುದು ಕಷ್ಟವಿತ್ತು. ಪೂಜೆಯ ಮನೆತನದವರು ವಾಡಿಯ ಸ್ಟೇಷನ್ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಯಾಕೆ ಇಟ್ಟರೋ, ನಾನಂತೂ ಕೇಳಲಿಲ್ಲ. ಅಲ್ಯುಮಿನಿಯಂ ಉಜ್ಜುವ ಬ್ರಷ್ಷು ಅವರಲ್ಲಿ ಬೇರೆಯೇ ಇರುತ್ತಿತ್ತು. ಮರೆತು ಅದರಿಂದ ಕಬ್ಬಿಣ ಉಜ್ಜಿದವನ ಪಾಡು ಯಾರಿಗೂ ಬೇಡ.

ತೊಂಬತ್ತರ ದಶಕದ ಒಂದು ಮಳೆಗಾಲ. ಕಲ್ಲುಗಣಿಯ ದೂಳಿನಿಂದ ಕೆಮ್ಮು ಹತ್ತಿ, ಆ ಕೆಲಸ ಬಿಟ್ಟು ಹಳೆಯ ಆಟೋ ಹಿಡಿದಿದ್ದೆ. ಶಹಾಬಾದ್ ರಸ್ತೆಯಲ್ಲಿ ಕಲ್ಲು ಬಡಿದು ಅದರ ಇಂಜಿನ್ನಿನ ಅಲ್ಯುಮಿನಿಯಂ ಕೇಸು ಸೀಳಿತು. ಆಟೋ ನಿಂತರೆ ಮತ್ತೆ ಗಣಿಯೇ ಗತಿ. ಕೇಸನ್ನು ಬಿಚ್ಚಿ ಆಚಾರ್ರ ಮುಂದಿಟ್ಟು, ಇದನ್ನೆಲ್ಲ ಹೇಳಿ ಅತ್ತೇಬಿಟ್ಟೆ.

ಎರಕದ ಅಲ್ಯುಮಿನಿಯಂಗೆ ಬೇಕಾದ ರಾಡು ಇದೆ, ಥಂಡಿ ಹಿಡಿಯಬಾರದೆಂದು ಮನೆಯಲ್ಲಿ ಒಲೆಯ ಪಕ್ಕ ಇಟ್ಟಿದ್ದೇನೆ ಎಂದು ಕರೆದೊಯ್ದರು. ಅವರ ಹೆಂಡತಿ ಪದ್ಮಾಬಾಯಿ ತಂದುಕೊಟ್ಟ ರಾಡುಗಳು ಥಳಥಳ ಹೊಳೆಯುತ್ತಿದ್ದವು. ಆಚಾರ್ರ ಮುಖ ಮಾತ್ರ ಕಪ್ಪಿಟ್ಟಿತು. ಅಂಗಡಿಯ ಸಾಮಾನು ಯಾವುದೇ ಇರಲಿ, ತೊಳೆಯದೆ ಆ ಅಡುಗೆಮನೆ ಹೊಗುವಂತಿರಲಿಲ್ಲ. ರಾಡಿನ ಮೇಲೆ ಬೆಸುಗೆ ಹಿಡಿಸುವ ಬಿಳಿ ಲೇಪ ಇರುತ್ತದೆ. ಅದು ಹೋದರೆ ರಾಡು ಬರೀ ತಂತಿ. ಆ ತಾಯಿ ಒಂದನ್ನೂ ಬಿಟ್ಟಿರಲಿಲ್ಲ.

"ಮಳಿ ಥಂಡಿಗೆ ಬೂಸರ ಬಂದದ ಅಂತ ಮಾಡಿದೆ. ಎಷ್ಟ ತಿಕ್ಕೀನಿ, ನನಗ ಗೊತ್ತು" ಎಂದರು ಪದ್ಮಾಬಾಯಿ.

ಆಚಾರ್ರು ಬೈಯಲಿಲ್ಲ, ಕುಳಿತು ನಕ್ಕರು. ಸಿಟ್ಟು ಬಂದದ್ದು ನನಗೆ. ಅಂಗಡಿಯಲ್ಲಿ ಅಲ್ಯುಮಿನಿಯಂ ತಗಡಿಗೆ ಹಚ್ಚುವ ಬೇರೆ ರಾಡಿತ್ತು, ಅದನ್ನೇ ಹಚ್ಚಿರೆಂದು ಗಂಟುಬಿದ್ದೆ.

"ಹಚ್ಚಿದ್ರ ಇವತ್ತ ಹಿಡೀತದ, ನಾಳಿ ಬಾಜೂಕ ಸೀಳ್ತದ. ನೀ ಮತ್ತ ಗಣಿಗಿ ಹೋಗ್ತಿ. ಆ ಪಾಪ ನನಗ ಬ್ಯಾಡೋ ಶರಣಪ್ಪ" ಎಂದರು ಆಚಾರ್ರು.

ಮರುದಿನ ತಾವೇ ಹೈದರಾಬಾದ್ ಗಾಡಿ ಹತ್ತಿ ಹೋಗಿ ಸರಿಯಾದ ರಾಡು ತಂದರು. ಯಾರ ಆಟೋ, ಯಾರ ಓಡಾಟ! ಕೇಸನ್ನು ಉಜ್ಜಿ, ಹದವಾಗಿ ಕಾಯಿಸಿ ಬೆಸೆದರು. ಬೆಸೆದ ಮೇಲೆ ಉಳಿದ ಲೇಪ ಲೋಹವನ್ನೇ ತಿನ್ನುತ್ತದಂತೆ, ಬಿಸಿನೀರಿನಲ್ಲಿ ತೊಳೆಯಲೇಬೇಕು. ಆ ಕೆಲಸವನ್ನು ಪದ್ಮಾಬಾಯಿಗೇ ವಹಿಸಿದರು. ಅವರೂ ನಗುತ್ತಲೇ ತಿಕ್ಕಿದರು.

ಆಟೋ ವರ್ಷಗಟ್ಟಲೆ ಓಡಿತು. ಕಣ್ಣು ಮಂಜಾಗಿ ಆಚಾರ್ರು ಅಂಗಡಿ ಮುಚ್ಚಿದ ದಿನ ಅವರನ್ನು ನಾನೇ ಮನೆಗೆ ಬಿಟ್ಟೆ. ಅದೇ ಕೊನೆಯ ಭೇಟಿ. ಇಳಿದವರು ಆಟೋದ ಹಿಂದೆ ಬಗ್ಗಿ ಇಂಜಿನ್ನಿನ ಬೆಸುಗೆಯನ್ನು ಬೆರಳಿನಿಂದ ತಡವಿದರು. ಬಿಸಿ ಇದೆ ಎಂದರೂ ಕೇಳಲಿಲ್ಲ. ಆಮೇಲೆ ನನ್ನ ಎದೆಯ ಮೇಲೆ ಅಂಗೈ ಇಟ್ಟು, "ಕೆಮ್ಮು ಹೋತೇನೋ?" ಎಂದರು.

"ಯಾವಾಗೋ ಹೋಗ್ಯಾದ್ರಿ."

"ಹಂಗಾರ ರಾಡು ಸರಿ ಇತ್ತು" ಎಂದು ಗೋಡೆ ಹಿಡಿದು ಒಳಗೆ ಹೋದರು.