ಅಡುಗೆಮನೆ ಫೋಟೋದ ಹಿಂಬದಿ

ಸ್ಯಾಂಟಾ ಕ್ಲಾರಿಟಾದ ಗುಡ್ಡಗಳ ನಡುವೆ ಒಂದು ಹಳೇ ರಾಂಚ್ ಇದೆ. ದನ ಮೇಯಿಸುತ್ತಿದ್ದ ನೆಲದಲ್ಲಿ ಎಣ್ಣೆ ಸಿಕ್ಕಿ ಒಂದು ಕುಟುಂಬ ಶ್ರೀಮಂತವಾಯಿತು. ಈಗ ಅವರ ಮನೆಯೇ ಮ್ಯೂಸಿಯಂ. ಕೋವಿಡ್ ಇಳಿದು ಅದು ಮತ್ತೆ ತೆರೆದಾಗ ನಾನು ಅಲ್ಲಿ ವಾಲಂಟಿಯರ್ ಆಗಿ ಸೇರಿದೆ. ಗಂಡನ ವೀಸಾ ಮೇಲೆ ಬಂದವಳು ನಾನು, ಸಂಬಳದ ಕೆಲಸ ಮಾಡುವಂತಿರಲಿಲ್ಲ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟುಹೋಗಿತ್ತು.

ಪ್ರತಿ ಶನಿವಾರ ಬಂದವರಿಗೆ ಮನೆ ತೋರಿಸುವುದು ನನ್ನ ಕೆಲಸ. ಏನು ಹೇಳಬೇಕೆಂದು ಎರಡು ಹಾಳೆಯಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. 'ಮೊದಲ ಕುಟುಂಬ ಗಾಡಿ ಹೂಡಿಕೊಂಡು ಬಂದಾಗ ಇಲ್ಲಿ ಏನೂ ಇರಲಿಲ್ಲ, ಯಾರೂ ಇರಲಿಲ್ಲ' ಅಂತ ಶುರು. ಕನ್ನಡಿ ಮುಂದೆ ನಿಂತು ಉಚ್ಚಾರ ತಿದ್ದಿಕೊಂಡು, ಒಂದೂವರೆ ವರ್ಷ ಅದನ್ನೇ ಒದರಿದೆ. ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಶನಿವಾರ ಸ್ಯಾನ್ ಡಿಯೇಗೋದಿಂದ ಒಬ್ಬ ವೃದ್ಧೆ ಮಗನ ಜೊತೆ ಬಂದಿದ್ದರು. ಎಂಬತ್ತರ ಆಸುಪಾಸು. ಮನೆಯೆಲ್ಲ ತೋರಿಸಿ ಕೊನೆಗೆ ಅಡುಗೆಮನೆಗೆ ಕರೆತಂದೆ. ಅಡುಗೆಮನೆಯ ಗೋಡೆಯಲ್ಲಿ ದೊಡ್ಡ ಫೋಟೋ ಒಂದಿದೆ: ಕಬ್ಬಿಣದ ಒಲೆ, ಅದರ ಮುಂದೆ ಮನೆಯ ಯಜಮಾನ, ಹೆಂಡತಿ, ಪಕ್ಕದಲ್ಲಿ ಸೌಟು ಹಿಡಿದ ಇನ್ನೊಬ್ಬ ಹೆಂಗಸು. ಕೆಳಗೆ ಅಂಟಿಸಿದ ಚೀಟಿಯಲ್ಲಿ ಯಜಮಾನ ಮತ್ತು ಹೆಂಡತಿಯ ಹೆಸರು ಮಾತ್ರ.

"ಸೌಟು ಹಿಡಿದವಳು ಯಾರು?" ಆಕೆ ಕೇಳಿದರು.

"ಗೊತ್ತಿಲ್ಲ. ಕೆಲಸದವಳಿರಬೇಕು."

"ನನ್ನ ಅಜ್ಜಿ. ಎಣ್ಣೆ ಬಾವಿ ಕೊರೆಯುವವರಿಗೆಲ್ಲ ಅನ್ನ ಹಾಕಿದವಳು. ನಾವು ಮೂಲನಿವಾಸಿಗಳು, ಇಲ್ಲಿ ದನ ಕಾಲಿಡುವುದಕ್ಕೆ ಮುಂಚಿನಿಂದ ನಮ್ಮ ಜನ ಈ ಕಣಿವೆಯಲ್ಲಿದ್ದರು. ನೀನು ಯಾರೂ ಇರಲಿಲ್ಲ ಅಂದೆಯಲ್ಲ. ಎಷ್ಟು ಚೆನ್ನಾಗಿ ಹೇಳಿದೆ! ನಂಬಿಕೊಂಡೇ ಹೇಳಿದೆ."

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಆಕೆ ಹೋದ ಮೇಲೆ ಉಗ್ರಾಣಕ್ಕೆ ಹೋಗಿ ಆ ಫೋಟೋದ ಮೂಲ ಪ್ರತಿ ಹುಡುಕಿದೆ. ಹಿಂಬದಿ ತಿರುಗಿಸಿದರೆ ಪೆನ್ಸಿಲ್‌ನಲ್ಲಿ ಮೂರು ಹೆಸರು. ಮೂರನೆಯದು ಆಕೆಯ ಅಜ್ಜಿಯದು. ಅದರ ಮುಂದೆ 'ನಮ್ಮ ಅಡುಗೆಯವಳು' ಅಂತ ಯಜಮಾನಿಯೇ ಬರೆದಿದ್ದಳು. ಹೆಸರು ಗೊತ್ತಿಲ್ಲದೆ ಬಿಟ್ಟದ್ದಲ್ಲ. ಗೊತ್ತಿದ್ದೂ ಬಿಟ್ಟಿದ್ದರು.

ಮ್ಯೂಸಿಯಂನ ಅಧ್ಯಕ್ಷರು ಆ ಕುಟುಂಬದ ಮೊಮ್ಮಗ. ಫೋಟೋ ತೋರಿಸಿ, ಹೆಸರು ಸೇರಿಸಿ, ಹಾಳೆಯ ಮೊದಲ ಸಾಲು ತೆಗೆಯಿರಿ ಎಂದೆ. ಅವರು ನಕ್ಕರು.

"ನೀವು ಈ ದೇಶಕ್ಕೆ ಬಂದು ಎಷ್ಟು ವರ್ಷ ಆಯಿತು? ನಮ್ಮ ಚರಿತ್ರೆ ನಿಮಗೆ ಅರ್ಥವಾಗಲು ಇನ್ನೂ ಸಮಯ ಬೇಕು."

"ಪೆನ್ಸಿಲ್‌ನಲ್ಲಿ ಬರೆದದ್ದನ್ನು ಓದೋದಕ್ಕೆ ಎಷ್ಟು ವರ್ಷ ಬೇಕು?" ಎಂದೆ. ಅಲ್ಲಿದ್ದ ಉಳಿದ ವಾಲಂಟಿಯರುಗಳು ತಮ್ಮ ತಮ್ಮ ಕೆಲಸಕ್ಕೆ ತಿರುಗಿಕೊಂಡರು.

ಮನೆಗೆ ಬಂದು ಹೇಳಿದಾಗ ಗಂಡ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. "ಗ್ರೀನ್ ಕಾರ್ಡ್ ಅಪ್ಲೈ ಮಾಡಿದ್ದೀವಿ ಕಣೇ. ಊರವರ ಜಗಳ ನಿನಗ್ಯಾಕೆ?"

"ಒಂದೂವರೆ ವರ್ಷ ಸುಳ್ಳು ಹೇಳಿಸಿದ್ದು ನನ್ನ ಬಾಯಲ್ಲಿ ರೀ. ನನಗಲ್ಲದೆ ಇನ್ಯಾರಿಗೆ?" ಅವತ್ತು ರಾತ್ರಿ ಅಡುಗೆ ಮಾಡಲಿಲ್ಲ.

ಎರಡು ವಾರದಲ್ಲಿ ಚೀಟಿ ಬದಲಾಯಿತು. ಇಬ್ಬರ ಹೆಸರಿನ ಪಕ್ಕ 'ಮತ್ತು ಸಹಾಯಕಿ' ಅಂತ ಸೇರಿಸಿದ್ದರು, ಅಷ್ಟೇ. ಅದನ್ನು ಕಂಡ ಕೂಡಲೇ ನನ್ನ ಬ್ಯಾಡ್ಜ್ ಕಿತ್ತು ಕೌಂಟರಿನ ಮೇಲಿಟ್ಟು ಬಂದೆ. ಮಾರನೆಯ ದಿನ ನನ್ನ 'ಅಮೂಲ್ಯ ಸೇವೆ'ಗೆ ಧನ್ಯವಾದ ಹೇಳಿ ಇಮೇಲ್ ಬಂತು.

ಉಗ್ರಾಣದಲ್ಲಿ ಫೋನಿನಲ್ಲಿ ತೆಗೆದಿದ್ದ ಆ ಫೋಟೋದ ಎರಡೂ ಬದಿಯ ಪ್ರಿಂಟ್ ಹಾಕಿಸಿಕೊಂಡು ಸ್ಯಾನ್ ಡಿಯೇಗೋಗೆ ಡ್ರೈವ್ ಮಾಡಿದೆ. ಸಂದರ್ಶಕರ ಪುಸ್ತಕದಲ್ಲಿದ್ದ ಆ ವೃದ್ಧೆಯ ನಂಬರಿಗೆ ಮೊದಲೇ ಫೋನ್ ಮಾಡಿ, ಬರಬಹುದೇ ಎಂದು ಕೇಳಿದ್ದೆ. ಆಕೆ ಆ ಪೆನ್ಸಿಲ್ ಗೆರೆಗಳ ಮೇಲೆ ತುಂಬ ಹೊತ್ತು ಬೆರಳಾಡಿಸಿದರು. ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು?

"ನಿಮ್ಮ ಅಜ್ಜಿಯ ಹೆಸರನ್ನು ನಾನು ಎಲ್ಲಾದರೂ ಬರೀಬಹುದಾ?" ಎಂದೆ.

"ಮೊದಲು ಆ ಗೋಡೆ ಮೇಲೆ ಬರಲಿ. ಆಮೇಲೆ ನೀನು ಬರಿ. ಅಲ್ಲಿಯವರೆಗೆ ಯಜಮಾನಿ ಬರೆದದ್ದನ್ನೇ ಜನ ಓದಲಿ." ಅದಕ್ಕೇ ಇಲ್ಲಿ ಬರೆದಿಲ್ಲ.

ಈಗ ತಿಂಗಳಿಗೊಂದು ಶನಿವಾರ ಮ್ಯೂಸಿಯಂನ ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ನಾವು ಮೂವರು ಇರುತ್ತೇವೆ. ಆಕೆ ಮಡಚುವ ಕುರ್ಚಿಯಲ್ಲಿ, ಮಗ ಮತ್ತು ನಾನು ನಿಂತುಕೊಂಡು. ಒಳಗೆ ಹೋಗುವವರಿಗೆಲ್ಲ ಫೋಟೋದ ಎರಡೂ ಬದಿಯ ಜೆರಾಕ್ಸ್ ಕೊಡುತ್ತೇವೆ. ಕೆಲವರು ನಿಂತು ಓದುತ್ತಾರೆ, ಕೆಲವರು ಮಡಚಿ ಕಸದ ಬುಟ್ಟಿಗೆ ಹಾಕುತ್ತಾರೆ. ಹೋದ ತಿಂಗಳು ಅಧ್ಯಕ್ಷರು ಕಾರಿನ ಗಾಜು ಇಳಿಸಿ, "ನಿಮಗಿನ್ನೂ ಸಾಕಾಗಲಿಲ್ಲವೇ?" ಎಂದು ಕೇಳಿದರು.

"ಇಲ್ಲ," ಎಂದೆ, ಅವರ ಕೈಗೂ ಒಂದು ಹಾಳೆ ಕೊಟ್ಟೆ.