ಸರಕಾರದ ಪುಸ್ತಕದಲ್ಲಿ ನಾನು ಮೂಗಿ

ಖಾನೇಸುಮಾರಿಯವರು ತಲೆ ಎಣಿಸಲು ಬರುತ್ತಾರೆಂದು ಡಂಗುರ ಸಾರಿದ ದಿನದಿಂದ ನಮ್ಮೂರಲ್ಲಿ ಯಾರೂ ನಿಜ ಹೇಳಲಿಲ್ಲ. ಕಂಪ್ಲಿ ಹತ್ತಿರದ ಸಣ್ಣ ಊರು. ಮೇಲಿನ ಓಣಿಯಲ್ಲಿ ಲಿಂಗವಂತರು, ಕೆಳಗೆ ಬೇಡರು, ಕುರುಬರು, ನಾಲ್ಕು ಮನೆ ಸಾಬರು, ಊರಾಚೆ ಕೇರಿ. ಎಣಿಸಿದರೆ ದೃಷ್ಟಿ ತಾಗುತ್ತದೆಂದು ಐದು ಮಕ್ಕಳ ತಾಯಿ ಮೂರೇ ಅಂದಳು. ಕೆಲವರು ಎತ್ತುಗಳನ್ನೂ ಬಚ್ಚಿಟ್ಟರು. ಎತ್ತು ಎಣಿಸುತ್ತೇವೆಂದು ಯಾರೂ ಹೇಳಿರಲಿಲ್ಲ.

ನಾನು ಆದವಾನಿ ಕಡೆಯಿಂದ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಗಂಡ ಸಂಡೂರಿನ ಗಣಿಯಲ್ಲಿದ್ದ. ನನ್ನ ಕನ್ನಡದಲ್ಲಿ ನಡುನಡುವೆ ತೆಲುಗು ಇಣುಕುತ್ತಿತ್ತು. “ಅವ್ರ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು,” ಎಂದು ಅತ್ತೆ ಬೆಳಗ್ಗೆಯೇ ಗದರಿಸಿದ್ದರು.

ಎಣಿಸಲು ಬಂದವರು ಶಾಲೆಯ ಮಾಸ್ತರರು. ಬಾಗಿಲ ಮೇಲೆ ಕೆಮ್ಮಣ್ಣಿನಿಂದ ನಂಬರು ಬರೆದು, ಕಟ್ಟೆಯ ಮೇಲೆ ಕುಳಿತು, ಹೆಸರು, ಜಾತಿ, ಕಸುಬು ಕೇಳಿದರು. ಆಮೇಲೆ ನನ್ನತ್ತ ತಿರುಗಿ, “ನಿನ್ನ ಮನಿಮಾತು ಯಾವುದವ್ವಾ?” ಎಂದರು. ನಾನು ಕಂಬ ಹಿಡಿದು ನಿಂತೆ.

“ಆಕಿಗೆ ಮಾತು ಬರಂಗಿಲ್ರಿ,” ಎಂದರು ಅತ್ತೆ.

ಕುರುಡರು, ಕಿವುಡರು, ಮೂಗರನ್ನು ಬರೆಯಲು ಪುಸ್ತಕದಲ್ಲಿ ಬೇರೆ ಅಂಕಣ ಇತ್ತು. ಮಾಸ್ತರರು ನನ್ನನ್ನು ಅದರಲ್ಲಿ ಬರೆದುಕೊಂಡು ಹೋದರು.

ಮರುದಿನವೇ ಅತ್ತೆ ಪಕ್ಕದ ಎಮ್ಮಿಗನೂರಿಗೆ ಹೊರಟರು. ಅಲ್ಲಿ ಅವರ ತಮ್ಮನಿಗೆ ಮದುವೆಗೆ ಬಂದ ಮಗಳಿದ್ದಳು. ನನಗೆ ಎಲ್ಲ ಅರ್ಥವಾಯಿತು ಅಂದುಕೊಂಡೆ. ಸರಕಾರವೇ ಮೂಗಿ ಅಂದ ಮೇಲೆ ಸವತಿ ತರುವುದಕ್ಕೆ ಯಾರ ಅಡ್ಡಿ? ಸಂಜೆ ಅತ್ತೆ ತಮ್ಮನ ಗಾಣದ ಹೊಸ ಬೆಲ್ಲ ತಂದು ನನ್ನ ಕೈಗಿಟ್ಟರು. ನಿಶ್ಚಯದ ಬೆಲ್ಲವೇ ಇರಬೇಕೆಂದು ಮುಟ್ಟದೆ ಗಡಿಗೆಗೆ ಹಾಕಿದೆ. ಅವರು ನಕ್ಕರೂ ಸಂಶಯ, ಸುಮ್ಮನಿದ್ದರೂ ಸಂಶಯ.

ಎಂಟು ದಿನಕ್ಕೆ ಮೇಲಧಿಕಾರಿ ತಪಾಸಣೆಗೆ ಬಂದರು. ತೆಲುಗಿನವರು. ಪುಸ್ತಕ ನೋಡಿ, ನನ್ನ ಮುಖ ನೋಡಿ, “ಪಾಪಂ, ಚಿನ್ನಪಿಲ್ಲ,” ಇನ್ನೂ ಸಣ್ಣ ಹುಡುಗಿ ಎಂದು ಮರುಗಿದರು. ಆರು ತಿಂಗಳ ಮೇಲೆ ಕಿವಿಗೆ ಬಿದ್ದ ನನ್ನ ಮಾತು. ತಡೆಯಲಾಗಲಿಲ್ಲ. ನಾನು ಮೂಗಿಯಲ್ಲ ಎಂದು ತೆಲುಗಿನಲ್ಲೇ ಹೇಳಿಬಿಟ್ಟೆ.

ಅತ್ತೆ ಓಡಿಬಂದು ನನ್ನ ರಟ್ಟೆ ಹಿಡಿದುಕೊಂಡರು. ಬೈಯುತ್ತಾರೆಂದುಕೊಂಡೆ. ಅವರು ಅಧಿಕಾರಿಯ ಕಡೆ ತಿರುಗಿದರು.

“ಸುಳ್ಳು ಹೇಳೀನ್ರಿ, ತಪ್ಪಾತು. ಎಣಿಸಿದ ಮ್ಯಾಲೆ ತೆಲುಗರನ್ನ ಅವ್ರ ಸೀಮಿಗೆ ಕಳಸ್ತಾರಂತ ಊರಾಗ ಅಂತಿದ್ರು. ಖರೇನೋ ಏನೋ ಅಂತ ನಮ್ಮ ತಮ್ಮನ್ನ ಕೇಳಾಕ ಹೋದ್ರ ಅವನೂ ಹಂಗ ಅಂದ. ಈಕಿನ್ನ ಒಯ್ಯಬ್ಯಾಡ್ರಿ.”

ಅಧಿಕಾರಿ, ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ ಎಂದು ಹೇಳಿ, ಮೂಗಿ ಎಂಬುದನ್ನು ಹೊಡೆದುಹಾಕಿ, ಮನೆಮಾತು ಏನೆಂದು ಬರೆಯಲಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು:

“ತೆಲುಗು ಬರ್ಕೊಳ್ರಿ. ಈಕಿ ಬಂದ ಮ್ಯಾಲೆ ಅದೂ ನಮ್ಮ ಮನೀ ಮಾತ.”

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಒಳಗೆ ಹೋಗಿ ಗಡಿಗೆಯ ಬೆಲ್ಲ ತೆಗೆದು ತಿಂದೆ. ಅಷ್ಟರಲ್ಲಿ ಅದಕ್ಕೆ ಇರುವೆ ಹತ್ತಿತ್ತು.