ಚರ್ಚೆಯಿಲ್ಲದ ಪಟ್ಟಿ

ಐರೋಪ್ಯ ಒಕ್ಕೂಟಕ್ಕೆ ಹತ್ತು ಹೊಸ ದೇಶಗಳು ಸೇರಿದ ವರ್ಷ ನಾನು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುತ್ತಿದ್ದೆ. ಆ ಒಕ್ಕೂಟದ ಬಗ್ಗೆಯೇ ನಮಗೊಂದು ಪಾಠವಿತ್ತು. ಕೊನೆಗೆ ಸಿಡ್ನಿಯ ವಿದ್ಯಾರ್ಥಿಗಳ ಜೊತೆ ಸೇರಿ ಅಣಕು ಮಂತ್ರಿ ಸಭೆ ನಡೆಸಬೇಕಿತ್ತು. ಒಕ್ಕೂಟದ ಮಂತ್ರಿ ಸಭೆಗೆ ಕಾಯಂ ಮಂತ್ರಿಗಳಿಲ್ಲ. ವಿಷಯ ಕೃಷಿಯಾದರೆ ಪ್ರತಿ ದೇಶದ ಕೃಷಿ ಮಂತ್ರಿ, ಹಣಕಾಸಾದರೆ ಹಣಕಾಸು ಮಂತ್ರಿ ಬಂದು ಕೂರುತ್ತಾರೆ. ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಇನ್ನೊಂದು ದೇಶಕ್ಕೆ ಹೋಗುತ್ತದೆ. ಮೀನನ್ನೇ ಮುಟ್ಟದ ಮೈಸೂರಿನವಳಾದ ನಾನು ಪುಟ್ಟ ದೇಶವೊಂದರ ಮೀನುಗಾರಿಕೆ ಮಂತ್ರಿಯಾದೆ. ಸಹಪಾಠಿಯೊಬ್ಬಳು ಅದೇ ದೇಶದ ಅಧಿಕಾರಿಯಾದಳು. ನನ್ನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದ ಉಡುಪಿ ಕಡೆಯ ಗೆಳತಿಗೆ ಅಧ್ಯಕ್ಷ ದೇಶ ಸಿಕ್ಕಿತು.

ಅಂದಿನಿಂದ ಅವಳ ಮೇಲೆ ನನಗೆ ಗುಮಾನಿ. ನಾನು ಅಡುಗೆಮನೆಗೆ ಬಂದರೆ ಫೋನ್ ಹಿಡಿದು ಹೊರಗೆ ಹೋಗುತ್ತಿದ್ದಳು. ದೊಡ್ಡ ದೇಶಗಳ ಪಾತ್ರ ಸಿಕ್ಕವರ ಜೊತೆ ಕ್ಯಾಂಟೀನಿನಲ್ಲಿ ಕೂತಿರುತ್ತಿದ್ದಳು. ನನ್ನನ್ನು ಕಂಡರೆ ಮಾತು ನಿಲ್ಲುತ್ತಿತ್ತು. ದೊಡ್ಡ ದೇಶಗಳಿಗೆ ಓಟಿನ ತೂಕವೂ ಹೆಚ್ಚು. ಸಮುದ್ರದಲ್ಲಿ ನಮ್ಮ ದೇಶ ಹಿಡಿಯಬಹುದಾದ ಮೀನಿನ ಪಾಲನ್ನು ಅವರಿಗೆ ಬಿಟ್ಟುಕೊಟ್ಟಿದ್ದಾಳೆ ಎಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ.

ಸಿಡ್ನಿಯಲ್ಲಿ ಸಭೆ ಶುರುವಾದಾಗ ಅವಳು ಮೊದಲು ಒಂದು ಪಟ್ಟಿ ಓದಿದಳು. ಮಂತ್ರಿಗಳ ಸಭೆಗೆ ಮುಂಚೆ ಅಧಿಕಾರಿಗಳ ಮಟ್ಟದಲ್ಲೇ ತೀರ್ಮಾನವಾದ ವಿಷಯಗಳು ಅದರಲ್ಲಿರುತ್ತವೆ. ಮಂತ್ರಿಗಳು ಚರ್ಚೆಯಿಲ್ಲದೆ ಒಪ್ಪುತ್ತಾರೆ. ಮೂರನೆಯದೇ ನಮ್ಮ ಮೀನಿನ ಪಾಲು. ಕೈಯೆತ್ತಿ, ಅದನ್ನು ಪಟ್ಟಿಯಿಂದ ತೆಗೆಯಬೇಕೆಂದೆ. ಯಾವ ಮಂತ್ರಿಯಾದರೂ ಹಾಗೆ ಕೇಳಬಹುದಿತ್ತು. ಆದರೆ ಇದನ್ನು ಯಾರು ಯಾರ ಜೊತೆ ಕೂತು ಮುಗಿಸಿದರೆಂದು ನನಗೆ ಗೊತ್ತಿದೆ ಎಂದೂ ಅಂದುಬಿಟ್ಟೆ.

ಅವಳು ಸಭೆಗೆ ವಿರಾಮ ಕೊಟ್ಟು ನನ್ನನ್ನು ಕಾರಿಡಾರಿಗೆ ಕರೆದಳು.

"ನಿಮ್ಮ ಟೀಮಿನವಳೇ ಹೋದ ವಾರ ಓಕೆ ಅಂದಳಲ್ಲ ಮಾರಾಯ್ತಿ, ನಿಂಗೆ ಹೇಳ್ಲಿಲ್ವಾ?"

ಅಧಿಕಾರಿಗಳ ಸಭೆಯ ದಿನ ನಾನು ಪಾರ್ಟ್‌ಟೈಮ್ ಕೆಲಸಕ್ಕೆ ಹೋಗಿದ್ದೆ. ನಮ್ಮ ದೇಶದ ಪರವಾಗಿ ಕೂತಿದ್ದ ಸಹಪಾಠಿ ಒಪ್ಪಿಗೆ ಕೊಟ್ಟು, ಅದನ್ನು ಬರೆದು ನನ್ನ ಫೈಲಿನಲ್ಲಿಟ್ಟಿದ್ದಳು. ನಾನು ಫೈಲ್ ಬಿಚ್ಚಿಯೇ ಇರಲಿಲ್ಲ.

ಹಾಗಾದರೆ ನನ್ನಿಂದ ಮರೆಮಾಡಿದ್ದೇಕೆ ಎಂದು ಕೇಳಿದೆ.

"ಎಲ್ಲರ ಹತ್ರ ಮಾತಾಡಿ ಒಪ್ಪಿಸೋದೇ ಅಧ್ಯಕ್ಷರ ಕೆಲಸ ಅಲ್ವಾ? ಒಂದೇ ಮನೇಲಿದ್ದೀವಿ, ನಿಂಗೆ ಫೇವರ್ ಮಾಡ್ತೇನೆ ಅಂತ ಬೇರೆಯವರು ಅನ್ನಬಾರ್ದು ಅಂತ ನಿನ್ನೆದುರು ಮಾತಾಡ್ಲಿಲ್ಲ," ಎಂದಳು.

ವಿಷಯ ಚರ್ಚೆಗೆ ಬಂತು. ಓಟಿಗೆ ಹಾಕುವ ಪ್ರಮೇಯವೇ ಬರಲಿಲ್ಲ. ತಡೆಯುವಷ್ಟು ದೇಶಗಳು ನನ್ನ ಕಡೆ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ನಾನೇ ಒಪ್ಪಿದೆ.

ಮೆಲ್ಬರ್ನ್‌ಗೆ ಮರಳುವಾಗ ಸಾರಿ ಕೇಳಿದೆ. ಪರವಾಗಿಲ್ಲ ಎಂದಳು. ಆದರೆ ಮುಂದಿನ ಸೆಮಿಸ್ಟರ್‌ಗೆ ಬೇರೆ ಮನೆ ನೋಡಿಕೊಂಡಳು. ಅಲ್ಲಿಂದ ಲೈಬ್ರರಿ ಹತ್ತಿರ ಎಂದು ಕಾರಣ ಕೊಟ್ಟಳು. ನಾನು ನಂಬಲಿಲ್ಲ.